ಮೈಸೂರು ಅರಸರು ಉಳಿಸಿದ ಪಿಯಾನೋ ನಾದ

ವೀಣೆಯ ತಂತಿಯನ್ನು ಎಳೆದು ಗಮಕ ನುಡಿಸಬಹುದು. ಪಿಯಾನೋದಲ್ಲಿ ಅದು ಸಾಧ್ಯವಿಲ್ಲ. ಮನೆಯನ್ನು ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಗೆ ಬಡಿಯುತ್ತದೆ. ಸ್ವರ ಹುಟ್ಟಿದ ಗಳಿಗೆಯಿಂದಲೇ ಕ್ಷೀಣಿಸತೊಡಗುತ್ತದೆ. ಇಂಥ ವಾದ್ಯವನ್ನು ಹಾಡಿಸುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಇದಕ್ಕೆ ಉತ್ತರ ದೊರೆಯಿತು. ಕಾಲಿನ ಪೆಡಲ್ ಒತ್ತಿ ನಾದವನ್ನು ಹಿಡಿದಿಟ್ಟು, ಎಡಗೈಯಲ್ಲಿ ಅಲೆಯಂಥ ಹಿನ್ನೆಲೆಯನ್ನೂ ಬಲಗೈಯಲ್ಲಿ ಹಾಡನ್ನೂ ನುಡಿಸುವ ಕಿರು ರಚನೆಗಳು ಹುಟ್ಟಿದವು. ಐರ್ಲೆಂಡಿನ ಜಾನ್ ಫೀಲ್ಡ್ ಇವಕ್ಕೆ ‘ನಾಕ್ಟರ್ನ್’, ಅಂದರೆ ರಾತ್ರಿಗೀತೆ, ಎಂದು ಹೆಸರಿಟ್ಟ. ಪೋಲೆಂಡಿನ ಶೋಪಾನ್ ಅವಕ್ಕೆ ಅಂತರಂಗದ ಆಳವನ್ನು ತಂದುಕೊಟ್ಟ.

ಫೀಲ್ಡ್ 1837ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಅದೇ ನಗರದಲ್ಲಿ 1880ರಲ್ಲಿ ಹುಟ್ಟಿದ ನಿಕೊಲಾಯ್ ಮೆಟ್ನರ್ ಈ ಪರಂಪರೆಯ ಕೊನೆಯ ಕೊಂಡಿಗಳಲ್ಲೊಬ್ಬ. ‘ಸ್ಕಾಜ್ಕಿ’, ಅಂದರೆ ಕಥೆಗಳು, ಎಂಬ ಹೆಸರಿನ ಅವನ ಪಿಯಾನೋ ರಚನೆಗಳು ಮಾತಿಲ್ಲದ ಕಥನಗಳು. ಕಾಲ ಬದಲಾಗಿ ಹೊಸ ಸಂಗೀತ ಬಂದರೂ ಮೆಟ್ನರ್ ತನ್ನ ದಾರಿ ಬಿಡಲಿಲ್ಲ. ಕ್ರಾಂತಿಯ ನಂತರ ರಷ್ಯ ತೊರೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ. ಎರಡನೆಯ ಮಹಾಯುದ್ಧದಿಂದಾಗಿ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು; ಹೃದ್ರೋಗವೂ ಕಾಡಿತು.

ಆಗ ನೆರವು ಬಂದದ್ದು ಮೈಸೂರಿನಿಂದ. ಜಯಚಾಮರಾಜ ಒಡೆಯರು ಸ್ವತಃ ಪಿಯಾನೋ ಕಲಿತವರು. ವಾದಕರಾಗಬೇಕೆಂಬ ಅವರ ಆಸೆಗೆ 1940 ಅಡ್ಡಬಂದಿತು. ಅದೇ ವರ್ಷ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. 21ರ ಹರೆಯದಲ್ಲೇ ಸಿಂಹಾಸನ ಏರಬೇಕಾಯಿತು. ತಾವು ನುಡಿಸಲಾಗದ ಸಂಗೀತ ಅಳಿಯಬಾರದೆಂದು ಅವರು ಮೆಟ್ನರ್ ಸೊಸೈಟಿಗೆ ಹಣ ಒದಗಿಸಿದರು. ರೋಗಪೀಡಿತ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿದ, ಎಚ್.ಎಂ.ವಿ. ಸಂಸ್ಥೆ ಅವನ್ನು ಧ್ವನಿಮುದ್ರಿಸಿ ಮೂರು ಸಂಪುಟಗಳಲ್ಲಿ ಹೊರತಂದಿತು. ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವನು ಮೈಸೂರಿನ ಮಹಾರಾಜರಿಗೇ ಅರ್ಪಿಸಿದ.

1951ರಲ್ಲಿ ಮೆಟ್ನರ್ ಕಣ್ಮುಚ್ಚಿದ. ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿ, 1974ರಲ್ಲಿ ತೀರಿಕೊಂಡರು. ಕೃತಿಕಾರ ತನ್ನ ರಚನೆಯನ್ನು ಹೇಗೆ ಭಾವಿಸಿದ್ದನೆಂಬುದು ಸ್ವರಲಿಪಿಯಿಂದ ಪೂರ್ತಿ ತಿಳಿಯದು. ಅವನ ಬೆರಳುಗಳೇ ಹೇಳಬೇಕು. ಆ ಬೆರಳುಗಳ ನುಡಿ ಇಂದಿಗೂ ಕೇಳಸಿಗುವುದಕ್ಕೆ ಮೈಸೂರಿನ ಅರಮನೆಯ ಋಣವಿದೆ.