ಆಖೆನ್ ಪಕ್ಕದ ಸಕ್ಕರೆ

ಮನೆಯಲ್ಲಿ ಯಾರಾದ್ರೂ ಪೆಟ್ ಸ್ಕ್ಯಾನ್ ಮಾಡಿಸಿದ್ರೆ ನಿಮಗೆ ಗೊತ್ತಿರುತ್ತೆ: ಖಾಲಿ ಹೊಟ್ಟೆ, ಒಂದು ಇಂಜೆಕ್ಷನ್, ಸುಮಾರು ಒಂದು ಗಂಟೆ ಸುಮ್ಮನೆ ಕಾಯೋದು. ಆ ಇಂಜೆಕ್ಷನ್‌ನಲ್ಲಿರೋದು ಎಫ್‌ಡಿಜಿ, ವಿಕಿರಣದ ಗುರುತು ಹಚ್ಚಿದ ಸಕ್ಕರೆ. ಕೋಶ ಅದನ್ನು ನುಂಗುತ್ತೆ, ಅರಗಿಸಿಕೊಳ್ಳೋಕೆ ಆಗಲ್ಲ. ಅದು ಒಳಗೇ ಉಳಿದು ಚಿತ್ರದಲ್ಲಿ ಹೊಳೆಯುತ್ತೆ.

ಇದರ ಬೇರು 1920ರ ದಶಕದ ಬರ್ಲಿನ್‌ನಲ್ಲಿದೆ. ಆಮ್ಲಜನಕ ಸಾಕಷ್ಟಿದ್ದರೂ ಗೆಡ್ಡೆಯ ಕೋಶಗಳು ಗ್ಲೂಕೋಸನ್ನು ಬಾಚಿಕೊಂಡು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ ಎಂದು ಓಟೋ ವಾರ್‌ಬರ್ಗ್ ಕಂಡುಕೊಂಡರು. ಈ ಹಸಿವನ್ನೇ ಹಿಂಬಾಲಿಸಿದರೆ ಗೆಡ್ಡೆ ಸಿಗಬೇಕಲ್ಲ?

1976ರಲ್ಲಿ ಅಮೆರಿಕದಲ್ಲಿ ಎಫ್‌ಡಿಜಿಯನ್ನು ಮೊದಲ ಸಲ ಮನುಷ್ಯರಿಗೆ ಕೊಟ್ಟರು. ಆದರೆ ಫ್ಲೋರಿನ್ ಅನಿಲದಿಂದ ಮಾಡಿದರೆ ಸಿಗುತ್ತಿದ್ದದ್ದು ತೀರಾ ಸ್ವಲ್ಪ. ಜೊತೆಗೆ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗಿಬಿಡುತ್ತೆ.

ದಾರಿ ಸಿಕ್ಕಿದ್ದು ಆಖೆನ್‌ನಿಂದ ಸುಮಾರು 30 ಕಿ.ಮೀ. ದೂರದ ಯೂಲಿಷ್ ಸಂಶೋಧನಾ ಕೇಂದ್ರದಲ್ಲಿ. 1986ರಲ್ಲಿ ಹಾಮಾಖರ್, ಕೂನೆನ್, ಷ್ಟೋಕ್ಲಿನ್ ಅನಿಲ ಬಿಟ್ಟು ಫ್ಲೋರೈಡ್ ಹಿಡಿದರು. ಅದರ ಜೊತೆಗಿನ ಪೊಟ್ಯಾಸಿಯಮ್ಮನ್ನು ಪಂಜರದಂಥ ಒಂದು ಅಣುವಿನೊಳಗೆ ಕೂರಿಸಿದ್ದೇ ತಡ, ಫ್ಲೋರೈಡ್ ಸಲೀಸಾಗಿ ಸಕ್ಕರೆಗೆ ಅಂಟಿಕೊಂಡಿತು. ಇಳುವರಿ ಹಲವು ಪಟ್ಟು ಏರಿತು. ಎಫ್‌ಡಿಜಿ ಪ್ರಯೋಗಾಲಯ ದಾಟಿ ಆಸ್ಪತ್ರೆಗಳಿಗೆ ಬಂತು.

ಹಾಗಂತ ಹೊಳೆಯೋದೆಲ್ಲ ಕ್ಯಾನ್ಸರ್ ಅಲ್ಲ. ನಮ್ಮಲ್ಲಿ ಸಾಮಾನ್ಯವಾದ ಟಿ.ಬಿ. ಗಂಟೂ ಹೊಳೆಯಬಹುದು, ಆಲ್ಝೈಮರ್ಸ್ ಇರುವ ಮಿದುಳಿನ ಕೆಲವು ಭಾಗ ಮಂಕಾಗುತ್ತೆ. ಸಕ್ಕರೆ ಜಾಗ ತೋರಿಸುತ್ತೆ, ರೋಗದ ಹೆಸರು ಹೇಳಲ್ಲ. ಅದಕ್ಕೇ ಡಾಕ್ಟರು ಬಯಾಪ್ಸಿ ಅಂದರೆ ಗಾಬರಿಯಾಗಬೇಡಿ, ಮಾಡಿಸಿ.