ಹಳೆಯ ಬಂದೂಕು, ಹೊಸ ಬಂದೂಕು

‘ಹಳೆಯದೆಲ್ಲ ಹೊನ್ನು’ ಎಂಬ ಮಾತು ನಮ್ಮ ಜನರ ಬಾಯಲ್ಲಿ ಬಹು ಕಾಲದಿಂದ ಸವೆದು ಬಂದಿದೆ. ಅಕ್ಕಿ, ಹುಣಸೆಹಣ್ಣು, ಉಪ್ಪಿನಕಾಯಿಗಳ ಮಟ್ಟಿಗೆ ಅದು ನಿಜವೇ ಇರಬಹುದು. ಆದರೆ ಭುಜಕ್ಕೆ ಆನಿಸಿ, ಕೆನ್ನೆಗೆ ಒತ್ತಿಕೊಂಡು, ಕಣ್ಣಿನಿಂದ ಗೇಣುದ್ದದಲ್ಲಿ ಮದ್ದು ಸಿಡಿಸುವ ಬಂದೂಕಿನ ವಿಷಯದಲ್ಲಿ ಆ ಮಾತನ್ನು ನಂಬುವ ಮೊದಲು ಇತಿಹಾಸದ ನಾಲ್ಕು ಪುಟಗಳನ್ನು ತಿರುವಿ ನೋಡುವುದು ಲೇಸೆಂದು ನನಗೆ ತೋರುತ್ತದೆ.

ಬಬಲೇಶ್ವರ ತಾಲ್ಲೂಕಿನ ನಿಡೋಣಿಯಲ್ಲಿ ನನ್ನ ಸಂಬಂಧಿಕನೊಬ್ಬ ಒಕ್ಕಲುತನ ಮಾಡಿಕೊಂಡಿದ್ದಾನೆ. ಬೆಳೆಗೆ ನುಗ್ಗುವ ಹಂದಿಗಳನ್ನು ಬೆದರಿಸಲೆಂದು ಅವನ ಅಜ್ಜನ ಕಾಲದಿಂದ ಮನೆಯಲ್ಲಿ ಪರವಾನಗಿಯ ಜೋಡುನಳಿಗೆ ಬಂದೂಕೊಂದಿದೆ. ಬರ್ಮಿಂಗ್‌ಹ್ಯಾಮಿನ ಸರಕು. ಅದನ್ನು ಮಾರಿ, ತಿರುಚಿನಾಪಳ್ಳಿಯ ಸರಕಾರಿ ಕಾರ್ಖಾನೆಯಲ್ಲಿ ತಯಾರಾಗುವ ‘ಪಂಪ್ ಆ್ಯಕ್ಷನ್’ ಬಂದೂಕನ್ನು ತರಬೇಕೆಂದು ಅವನ ಮನಸ್ಸು. ಊರ ಹಿರಿಯರದು ಮಾತ್ರ ಬೇರೆಯೇ ರಾಗ. “ಕಾಕಾ, ಹಳೇದರ ಕಬ್ಬಿಣ ಈಗೆಲ್ಲಿ ಸಿಗತದ, ಬಿಡಬ್ಯಾಡ ಅಂತಾರ್ರಿ. ಹೊಸಾದು ನಾಕು ಬಾರ ಹಾರಿಸೋದ್ರಾಗ ಸಿಗಿಬೀಳ್ತದಂತ. ನೀವೇನಂತೀರಿ?” ಎಂದು ಅವನು ಕೇಳಿದ. ನಾನು ಬೇಟೆಗಾರನಲ್ಲ, ಸಿಪಾಯಿಯೂ ಅಲ್ಲ. ಹಳೆಯ ಕಾಗದಪತ್ರಗಳ ನಡುವೆ ಕಾಲ ಕಳೆದವನು. ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಮೊದಲು ಈ ಪಂಪ್ ಎಂಬುದೇನೆಂದು ತಿಳಿಯದ ವಾಚಕರಿಗಾಗಿ ಒಂದು ಮಾತು. ಇದರ ನಳಿಗೆ ಒಂದೇ. ಅದರ ಕೆಳಗೆ ಇನ್ನೊಂದು ಕೊಳವೆ, ಆ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಕುಳಿತಿರುತ್ತವೆ. ಎಡಗೈಯ ಹಿಡಿಯನ್ನು ಹಿಂದಕ್ಕೆಳೆದರೆ ಸುಟ್ಟ ತೋಟಾ ಹೊರಕ್ಕೆ ಹಾರುತ್ತದೆ. ಮುಂದಕ್ಕೆ ತಳ್ಳಿದರೆ ಹೊಸದು ನಳಿಗೆಯನ್ನು ಸೇರಿ ಬೀಗ ಬೀಳುತ್ತದೆ. ಸೈಕಲ್ಲಿಗೆ ಗಾಳಿ ಹಾಕಿದಂತೆ ಹಿಂದೆ ಮುಂದೆ ಆಡಿಸುವುದರಿಂದಲೇ ಆ ಹೆಸರು. ಜೋಡುನಳಿಗೆಯಲ್ಲಿ ಚಲಿಸುವ ಭಾಗಗಳು ಕಡಿಮೆ, ಒಂದು ಕುದುರೆ ಕೆಟ್ಟರೂ ಇನ್ನೊಂದು ನಳಿಗೆ ಉಳಿದಿರುತ್ತದೆ. ಪಂಪಿನಲ್ಲಿ ಹಾಗಲ್ಲ. ಸುಟ್ಟ ತೋಟಾದ ಅಂಚನ್ನು ಹಿಡಿದೆಳೆಯುವ ಚಿಕ್ಕ ಕೊಕ್ಕೆಯೊಂದು ಜಾರಿದರೆ ಬಂದೂಕು ಬರಿಯ ಕೋಲು.

ಆದ್ದರಿಂದ ‘ನಂಬಿಗೆ’ ಎಂದಾಗ ನಾವು ಎರಡು ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟುತ್ತಿದ್ದೇವೆ. ನಳಿಗೆ ಒಡೆಯದೆ ಮದ್ದಿನ ಒತ್ತಡವನ್ನು ತಡೆದೀತೇ ಎಂಬುದೊಂದು, ಒಳಗಿನ ಯಂತ್ರ ಪ್ರತಿ ಸಲವೂ ತಪ್ಪದೆ ನಡೆದೀತೇ ಎಂಬುದು ಇನ್ನೊಂದು. ಮೊದಲನೆಯದು ಲೋಹದ ಗುಣ, ಎರಡನೆಯದು ಕೆಲಸಗಾರನ ಕೈಗುಣ. ಈ ಗಂಟನ್ನು ಬಿಚ್ಚದೆ ಕಟ್ಟೆಯ ಮೇಲೆ ಎಷ್ಟು ವಾದಿಸಿದರೂ ಹೊತ್ತು ಹೋದೀತೇ ಹೊರತು ತೀರ್ಮಾನ ಸಿಗಲಾರದು.

ಎರಡನೆಯದನ್ನೇ ಮೊದಲು ನೋಡೋಣ. ಪಂಪ್ ಬಂದೂಕು ಅಮೆರಿಕದ ಕೂಸು. ಜಾನ್ ಬ್ರೌನಿಂಗ್ ಎಂಬ ಅಸಾಧಾರಣ ಯಂತ್ರಜ್ಞ ರೂಪಿಸಿದ ವಿಂಚೆಸ್ಟರ್ ಬಂದೂಕು 1897ರಲ್ಲಿ ಬಂದು, ಮೊದಲ ಮಹಾಯುದ್ಧದ ಕಂದಕಗಳಲ್ಲಿ ಹೆಸರು ಮಾಡಿತು. 1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಇಂಥ ಬಂದೂಕುಗಳ ಬಳಕೆಯನ್ನು ಅಧಿಕೃತವಾಗಿ ಪ್ರತಿಭಟಿಸಿತೆಂದರೆ ಅದರ ಭಯ ಎಷ್ಟಿತ್ತೆಂದು ಊಹಿಸಬಹುದು. (ವಿಷಾನಿಲವನ್ನು ಹರಿಯಬಿಟ್ಟವರಿಗೆ ಸೀಸದ ಚರೆ ಕ್ರೂರವೆನಿಸಿದ್ದು ಯುದ್ಧಗಳ ಎಷ್ಟೋ ವಿನೋದಗಳಲ್ಲಿ ಒಂದು.) 1912ರಲ್ಲಿ ಅದೇ ಸಂಸ್ಥೆ ಹೊರತಂದ 12ನೆಯ ಮಾದರಿಯನ್ನು ಗಟ್ಟಿ ಉಕ್ಕಿನಿಂದ ಕೊರೆದು, ಅರವಿನಿಂದ ಉಜ್ಜಿ, ಭಾಗಕ್ಕೆ ಭಾಗವನ್ನು ಕೈಯಿಂದ ಕೂಡಿಸುತ್ತಿದ್ದರು. ಬೆಣ್ಣೆಯಲ್ಲಿ ಚಾಕು ಆಡಿದಂತೆ ಅದರ ಹಿಡಿ ಆಡುತ್ತಿತ್ತಂತೆ. ಆದರೆ ಅಂಥ ಕೆಲಸಕ್ಕೆ ಕೂಲಿ ಏರಿತು, ಬೆಲೆ ಏರಿತು. 1960ರ ದಶಕದ ನಡುವಿಗೆ ಅದರ ಕ್ರಮವಾದ ತಯಾರಿಕೆ ನಿಂತಿತು. 1964ರಲ್ಲಿ ವಿಂಚೆಸ್ಟರ್ ತನ್ನ ಎಷ್ಟೋ ಬಂದೂಕುಗಳನ್ನು ಕಡಿಮೆ ಖರ್ಚಿನ ರೀತಿಗೆ ಬದಲಾಯಿಸಿದ್ದರಿಂದ, ‘64ರ ಹಿಂದಿನದು’ ಎಂಬ ಮಾತು ಇಂದಿಗೂ ಅಲ್ಲಿಯ ಪೇಟೆಯಲ್ಲಿ ಒಂದು ಮುದ್ರೆಯಂತೆ ನಡೆಯುತ್ತದೆ. ಹಳೆಯದರ ಪರವಾಗಿ ವಾದಿಸುವವರಿಗೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ.

ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಆ 12ನೆಯ ಮಾದರಿಯನ್ನು ಪೇಟೆಯಿಂದ ಓಡಿಸಿದ್ದು ರೆಮಿಂಗ್ಟನ್ ಸಂಸ್ಥೆ 1950ರಲ್ಲಿ ತಂದ 870 ಎಂಬ ಬಂದೂಕು. ಅದರ ಒಳಗಿನ ಎಷ್ಟೋ ಭಾಗಗಳು ಅಚ್ಚಿನಲ್ಲಿ ಒತ್ತಿ ತೆಗೆದ ತಗಡಿನವು. ಒಂದು ಬಂದೂಕಿನ ಭಾಗ ಇನ್ನೊಂದಕ್ಕೆ ಹೊಂದುವಂಥವು. ಕೈಕೆಲಸದ ಬಂದೂಕನ್ನು ಕಂಡ ಕಣ್ಣಿಗೆ ಅದು ಅಗ್ಗದ ಮಾಲು. ಆದರೂ 2009ರ ಹೊತ್ತಿಗೆ ಅಂಥವು ಒಂದು ಕೋಟಿ ತಯಾರಾಗಿದ್ದವು. ಮುಂದೆ 1987ರಲ್ಲಿ ಅದೇ ಬಂದೂಕಿನ ಇನ್ನೂ ಅಗ್ಗದ ರೂಪ ಬಂತು. ಮೆರುಗು ಒರಟು, ಬೇಗ ತುಕ್ಕು ಹಿಡಿಯುವುದು, ತೋಟಾ ಕೂರುವ ಕೋಣೆ ನುಣುಪಾಗಿಲ್ಲದೆ ಸುಟ್ಟ ತೋಟಾ ಅಂಟಿಕೊಳ್ಳುವುದು ಎಂದು ದೂರುಗಳು ಎದ್ದವು. ಸಂಸ್ಥೆ 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ದಿವಾಳಿಯ ಬಾಗಿಲು ತಟ್ಟಿತು. ಆಗ ಜನ ಹುಡುಕಿಕೊಂಡು ಹೋದದ್ದು ಯಾವುದನ್ನು? 1950, 60ರ ದಶಕಗಳ ಅದೇ 870ನ್ನು! ಒಂದು ತಲೆಮಾರಿನ ತಗಡು ಮುಂದಿನ ತಲೆಮಾರಿಗೆ ಚಿನ್ನವಾಯಿತು. ಹಾಗೆಂದು ದೂರುಗಳೆಲ್ಲ ಹುಸಿಯೆಂದು ನಾನು ಹೇಳುವುದಿಲ್ಲ. ಅಂಟಿಕೊಂಡ ತೋಟಾ ಅಂಟಿಕೊಂಡದ್ದೇ. ಆದರೆ ಅವೆಲ್ಲ ಮೆರುಗಿನ, ನುಣುಪಿನ, ಕೂಡಿಕೆಯ ದೂರುಗಳು. ನಳಿಗೆಯ ಬಲದ ದೂರುಗಳಲ್ಲ.

ಇನ್ನು ಲೋಹದ ಮಾತು. ಇದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ, ನಿಡೋಣಿಯಿಂದ ವಿಜಯಪುರಕ್ಕೆ ಬಂದರೆ ಸಾಕು. ಷೇರ್ಜಾ ಬುರುಜಿನ ಮೇಲೆ ಮಲಗಿರುವ ಮುಲುಕ ಮೈದಾನ ತೋಪನ್ನು ನೋಡದವರು ನಮ್ಮ ಕಡೆ ಕಡಿಮೆ. 1549ರಲ್ಲಿ ಅಹಮದನಗರದಲ್ಲಿ ರೂಮಿ ಎಂದು ಹೆಸರಾದ ತುರ್ಕಿ ಕುಶಲಿಗನೊಬ್ಬ ಇದನ್ನು ಎರಕ ಹೊಯ್ದ. ಉದ್ದ 14 ಅಡಿ 4 ಅಂಗುಲ, ತೂಕ ಸುಮಾರು 55 ಟನ್ನೆಂದು ಎಣಿಕೆ. ಸರಿಸುಮಾರು ನಾಲ್ಕು ಪಾಲು ತಾಮ್ರಕ್ಕೆ ಒಂದು ಪಾಲು ತವರ ಬೆರೆತ ಗಂಟೆಯ ಲೋಹ. ತಟ್ಟಿದರೆ ನಾದ ಹೊರಡುತ್ತದೆ. ಪರಾಂಡದ ಕೋಟೆಯಿಂದ 1632ರಲ್ಲಿ ಇದನ್ನು ವಿಜಯಪುರಕ್ಕೆ ತಂದರು. ನಾಲ್ಕೂಮುಕ್ಕಾಲು ಶತಮಾನ ಕಳೆದರೂ ಬಿರುಕಿಲ್ಲದೆ ನಿಂತ ಇದನ್ನು ತೋರಿಸಿ ‘ಆ ಕಾಲದ ಕೆಲಸವೇ ಕೆಲಸ’ ಎನ್ನುವುದು ಸುಲಭ.

ಆದರೆ ಒಡೆದ ತೋಪುಗಳೆಲ್ಲಿ? ಅವು ಬುರುಜಿನ ಮೇಲೆ ಉಳಿಯುವುದಿಲ್ಲ, ಮತ್ತೆ ಕುಲುಮೆಗೆ ಹೋಗುತ್ತವೆ. ಕೆಟ್ಟ ಎರಕದ ತಾಮ್ರ ಕೊಡಪಾನವಾಗಿ, ಗಂಟೆಯಾಗಿ, ದುಡ್ಡಾಗಿ ಜನರ ಕೈಸೇರುತ್ತದೆ. ಮುಲುಕ ಮೈದಾನಕ್ಕೂ ಅದೇ ಗತಿ ಒದಗಲಿತ್ತು. 1854ರಲ್ಲಿ ಸಾತಾರೆಯ ಕಮಿಷನರು ಕೆಲಸಕ್ಕೆ ಬಾರದ ಹಳೆಯ ಸಾಮಾನುಗಳನ್ನೆಲ್ಲ ಲಿಲಾವು ಮಾಡಿರೆಂದು ಆಜ್ಞೆ ಕಳಿಸಿದಾಗ, ಈ ತೋಪಿಗೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಇಷ್ಟು ದೊಡ್ಡ ತೋಪಿಗೆ ಇಷ್ಟೇ ಬೆಲೆಯೇ ಎಂದು ಸ್ಥಳೀಯ ಅಧಿಕಾರಿಗೆ ಅನಿಸಿದ್ದರಿಂದ ಅದು ಉಳಿಯಿತು. ನಾವು ನೋಡುವ ಹಳೆಯ ವಸ್ತುಗಳು ಕಾಲವೆಂಬ ಜರಡಿಯಲ್ಲಿ ನಿಂತವು ಮಾತ್ರ. ಕೆಳಗೆ ಉದುರಿದ್ದನ್ನು ನೋಡುವವರಾರು? ಸ್ಕಾಟ್ಲಂಡಿನ ದೊರೆ ಎರಡನೆಯ ಜೇಮ್ಸ್ 1460ರಲ್ಲಿ ರಾಕ್ಸ್‌ಬರೊ ಮುತ್ತಿಗೆಯಲ್ಲಿ ಸತ್ತದ್ದು ಶತ್ರುವಿನ ಗುಂಡಿನಿಂದಲ್ಲ, ಪಕ್ಕದಲ್ಲಿದ್ದ ತನ್ನದೇ ತೋಪು ಸಿಡಿದು. ಅದೂ ಹಳೆಯ ಕಾಲದ ಕೆಲಸವೇ.

ವಿಜಯಪುರದಲ್ಲಿ ಇನ್ನೊಂದು ಬಗೆಯ ತೋಪೂ ಇದೆ. ಉಪ್ಲಿ ಬುರುಜನ್ನು ಹತ್ತಿದರೆ 30 ಅಡಿಗೂ ಮಿಕ್ಕ ಉದ್ದದ ‘ಲಂಬ ಛಡಿ’ ಕಾಣುತ್ತದೆ. ಇದು ಎರಕವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾಯಿಸಿದ ಬಳೆಗಳನ್ನು ಒಂದಕ್ಕೊಂದು ಒತ್ತಾಗಿ ಏರಿಸಿ ಬಡಿದದ್ದು. ಗಾಡಿಯ ಗಾಲಿಗೆ ಹಳಿ ಕಟ್ಟುವ ನಮ್ಮ ಕಮ್ಮಾರರಿಗೆ ಈ ಕೆಲಸದ ಮರ್ಮ ಕೂಡಲೆ ತಿಳಿದೀತು. ಇಂಥ ನಳಿಗೆಯ ಬಲವೆಲ್ಲ ಬೆಸುಗೆಗಳಲ್ಲಿ. ಒಂದು ಬೆಸುಗೆ ಒಳಗೊಳಗೆ ಹುಸಿಯಾಗಿದ್ದರೆ ಹೊರಗಿನ ಕಣ್ಣಿಗೆ ಕಾಣದು.

ಇದನ್ನೇಕೆ ಹೇಳಿದೆನೆಂದರೆ, ಹತ್ತೊಂಬತ್ತನೆಯ ಶತಮಾನದ ಎಷ್ಟೋ ಬೆಲೆಬಾಳುವ ಜೋಡುನಳಿಗೆಗಳು ಇದೇ ಮರ್ಮದ ಚಿಕ್ಕ ಕೂಸುಗಳು. ಕಬ್ಬಿಣ ಮತ್ತು ಉಕ್ಕಿನ ಎಳೆಗಳನ್ನು ಹುರಿಗೊಳಿಸಿ, ಸರಳಿನ ಸುತ್ತ ಸುತ್ತಿ, ಬಡಿದು ಬೆಸೆದ ‘ಡಮಾಸ್ಕಸ್’ ನಳಿಗೆಗಳು ಅವು. ಮೈಮೇಲೆ ನವಿಲುಗರಿಯಂಥ ಸುಳಿಗಳು, ನೋಡಲು ಬಲು ಚೆಲುವು. ಆದರೆ ಅವು ಹುಟ್ಟಿದ್ದು ಕರಿಮದ್ದಿನ ಕಾಲಕ್ಕೆ. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡದ ನಡೆಯೇ ಬೇರೆ. ಒಳಗೆ ಸವೆದು, ಬೆಸುಗೆಗಳ ಸಂದಿನಲ್ಲಿ ತುಕ್ಕು ಸೇರಿದ ಅಂಥ ನಳಿಗೆಯಲ್ಲಿ ಇಂದಿನ ತೋಟಾ ಹಾರಿಸುವುದು ಎಡಗೈಯ ಬೆರಳುಗಳನ್ನು ಪಣಕ್ಕಿಟ್ಟಂತೆ. ಇಂದಿನ ನಳಿಗೆ ಅಖಂಡವಾದ ಒಂದೇ ಉಕ್ಕು. ಊರ ಹಿರಿಯರು ಹೊಗಳುವ ‘ಹಳೆಯ ಕಬ್ಬಿಣ’ದ ಪಂಥ ಇಲ್ಲಿ ಸೋಲುತ್ತದೆ.

ನಳಿಗೆಯ ಪರೀಕ್ಷೆಯನ್ನು ಇಂಗ್ಲೆಂಡು ಕಾಯಿದೆಯಿಂದಲೇ ಕಟ್ಟಿತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಪರೀಕ್ಷಾಗೃಹ ಏರ್ಪಟ್ಟಿತು. ವಾಡಿಕೆಗಿಂತ ಹೆಚ್ಚಿನ ಮದ್ದು ತುಂಬಿ ಸಿಡಿಸಿ ನೋಡಿ, ಉಳಿದ ನಳಿಗೆಗೆ ಮುದ್ರೆ ಒತ್ತುವುದು ಅಲ್ಲಿಯ ಕೆಲಸ. ನಮ್ಮಲ್ಲಿಯೂ ಇಂದು ಪರೀಕ್ಷೆಯಾಗದ ಬಂದೂಕನ್ನು ಮಾರುವಂತಿಲ್ಲ. ಆದರೆ ಮುದ್ರೆ ಹೇಳುವುದು ಆ ದಿನದ ಸ್ಥಿತಿಯನ್ನು. ಆಮೇಲೆ ಹಿಡಿದ ತುಕ್ಕಿಗೆ, ಉಜ್ಜಿ ತೆಳ್ಳಗೆ ಮಾಡಿದ್ದಕ್ಕೆ ಅದು ಜವಾಬ್ದಾರಿಯಲ್ಲ.

ಹಾಗಾದರೆ ನಮ್ಮ ಜನಕ್ಕೆ ಹಳೆಯದರ ಮೇಲೆ ಈ ಮೋಹ ಬಂದದ್ದು ಹೇಗೆ? ನನ್ನ ಅಭಿಪ್ರಾಯದಲ್ಲಿ ಇದನ್ನು ಹುಟ್ಟಿಸಿದ್ದು ಕಬ್ಬಿಣವಲ್ಲ, ಕಾಯಿದೆ. 1857ರಲ್ಲಿ ಕಂಪನಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ತಂದಾಗ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದರು. ಆ ವರ್ಷದ ನವೆಂಬರಿನಲ್ಲಿ ದಂಡು ಬಂತು, ಊರು ಉರಿಯಿತು, 19 ಜನರನ್ನು ಗಲ್ಲಿಗೇರಿಸಿದರು. ನಮ್ಮ ಲಾವಣಿಕಾರರು ಆ ಕತೆಯನ್ನು ಇನ್ನೂ ಮರೆತಿಲ್ಲ. ಅದೇ ಗದ್ದಲದ ಇನ್ನೊಂದು ಮಗ್ಗುಲನ್ನು ನೋಡಿರಿ: 1861ರಲ್ಲಿ ಕೊಡಗಿನವರಿಗೆ ಆ ಕಾಯಿದೆಯಿಂದ ವಿನಾಯಿತಿ ಸಿಕ್ಕಿತು. ಆದ್ದರಿಂದಲೇ ಅಲ್ಲಿ ಕೋವಿ ಮನೆಯ ದೇವರ ನೆಲೆಯಲ್ಲಿ ಉಳಿದು, ಕೈಲ್ ಪೊಳ್ದು ಹಬ್ಬದಲ್ಲಿ ಪೂಜೆಗೊಳ್ಳುತ್ತ ಬಂತು. ನಮ್ಮ ಕಡೆ 1878ರ ಶಸ್ತ್ರ ಕಾಯಿದೆ ಬಂದ ಮೇಲೆ ಬಂದೂಕು ಮಾಡುವುದು, ಮಾರುವುದು, ಇಡುವುದು ಎಲ್ಲಕ್ಕೂ ಪರವಾನಗಿ. ಹಳ್ಳಿಯ ಕುಲುಮೆಯಲ್ಲಿ ಬಂದೂಕಿನ ಕೆಲಸ ಆರಿತು. ಒಳ್ಳೆಯ ಬಂದೂಕೆಂದರೆ ವಿಲಾಯತಿಯಿಂದ ಬಂದದ್ದು ಎಂಬ ಅರ್ಥ ನಿಂತಿತು. 1980ರ ದಶಕದ ನಡುವಿನಿಂದ ಖಾಸಗಿ ಬಳಕೆಯ ಬಂದೂಕುಗಳ ಆಮದೂ ಬಹುಮಟ್ಟಿಗೆ ನಿಂತಾಗ, ಒಳಗಿದ್ದ ವಿಲಾಯತಿ ಸರಕಿಗೆ ರೆಕ್ಕೆ ಬಂದಂತೆ ಬೆಲೆ ಏರಿತು. ‘ಹಳೆಯದು’ ಎಂದು ನಾವು ಹೇಳುವಲ್ಲಿ ನಿಜವಾಗಿ ಹೇಳುತ್ತಿರುವುದು ‘ಸಿಗದೆ ಇರುವುದು’ ಎಂದು.

ಮತ್ತೊಂದು ಸಂಗತಿ. 1972ರ ವನ್ಯಜೀವಿ ಕಾಯಿದೆಯ ತರುವಾಯ ಶಿಕಾರಿ ನಿಂತಿತು. ನಿಡೋಣಿಯ ಆ ಜೋಡುನಳಿಗೆ ವರ್ಷಕ್ಕೆ ಎರಡೋ ಮೂರೋ ಬಾರು, ಅದೂ ಆಕಾಶಕ್ಕೆ, ಹಾರಿದರೆ ಹೆಚ್ಚು. ‘ಒಂದು ದಿನವೂ ಕೈಕೊಟ್ಟಿಲ್ಲ’ ಎಂದು ಹಿರಿಯರು ಹೇಳುವುದು ಸತ್ಯ. ಕೈಕೊಡಲು ಅದಕ್ಕೆ ಸಂದರ್ಭವಾದರೂ ಎಲ್ಲಿ ಬಂತು?

ನನ್ನ ಸಂಬಂಧಿಕನಿಗೆ ನಾನು ಹೇಳಿದ್ದಿಷ್ಟು. ಹೊಸದರ ನಳಿಗೆಗೆ ಅಂಜಬೇಕಿಲ್ಲ. ಅದರ ಯಂತ್ರವನ್ನು ಮಾತ್ರ ಕಣ್ಣು ಮುಚ್ಚಿ ನಂಬಬಾರದು. ಕೊಳ್ಳುವ ಮೊದಲು ಬೇರೆ ಬೇರೆ ಬಗೆಯ ತೋಟಾಗಳನ್ನು ಹಾಕಿ, ಹಿಡಿಯನ್ನು ಅಳುಕದೆ ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ ಆಡಿಸಿ, ಹಾರಿಸಿ ನೋಡಬೇಕು. ಅರ್ಧಕ್ಕೆ ಎಳೆದವನ ಕೈಯಲ್ಲಿ ಎಂಥ ಪಂಪೂ ಸಿಕ್ಕಿಬೀಳುತ್ತದೆ, ಅದು 1912ರದಾದರೂ ಸರಿಯೆ. ಹಳೆಯದರಲ್ಲಿ ಯಂತ್ರಕ್ಕೆ ಅಂಜಬೇಕಿಲ್ಲ, ನಳಿಗೆಯನ್ನು ತಿಳಿದವನಿಗೆ ತೋರಿಸದೆ ಒಂದು ಬಾರೂ ಹಾರಿಸಬಾರದು.

ಅದರಲ್ಲಿಯೂ ತೋಟಾದ ಉದ್ದ. ಹಳೆಯ ವಿಲಾಯತಿ ಬಂದೂಕುಗಳ ತೋಟಾದ ಕೋಣೆ ಬಹುತೇಕ ಎರಡೂವರೆ ಅಂಗುಲದ್ದು, ಅಂದರೆ ಇಂದಿನ ಲೆಕ್ಕದ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ 12 ಬೋರಿನ ತೋಟಾ 70ರದು. ಮೋಸವಿರುವುದು ಇಲ್ಲಿಯೇ: ತೋಟಾದ ಉದ್ದವನ್ನು ಬಾಯಿ ಬಿಚ್ಚಿದ ಮೇಲೆ ಅಳೆಯುತ್ತಾರೆ. ಬಾಯಿ ಮಡಿಚಿರುವಾಗ 70ರದೂ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ, ಬಂದೂಕು ಮುಚ್ಚಿಕೊಳ್ಳುತ್ತದೆ, ಯಾವ ಸಂಶಯವೂ ಹುಟ್ಟುವುದಿಲ್ಲ. ಹಾರಿಸಿದಾಗ ಬಾಯಿ ಬಿಚ್ಚಲು ಎಡೆಯಿಲ್ಲದೆ ನಳಿಗೆಯ ಕೊರಳನ್ನೇ ಬಿಗಿದು, ಒಳಗಿನ ಒತ್ತಡ ಮೇಲೇರುತ್ತದೆ. ಎಡಗೈಯ ಕಟ್ಟಿಗೆಯನ್ನು ಕಳಚಿ, ನಳಿಗೆಗಳನ್ನು ತಿರುವಿ ಅಡಿಯ ಮುದ್ರೆಗಳನ್ನು ಬೆಳಕಿಗೆ ಹಿಡಿದು ಓದೆಂದು ಹೇಳಿದೆ. ಅಲ್ಲಿ ಎರಡೂವರೆ ಎಂದಿದ್ದರೆ, ಅಂಗಡಿಯವನು ಏನೇ ಹೇಳಲಿ, 70ರ ತೋಟಾವನ್ನು ಅದರೊಳಗೆ ಇಡಕೂಡದು.