ದೀರ್ಘಕಾಲಿಕ ಕಟಿಶೂಲೆಗೆ ಶಸ್ತ್ರರಹಿತ ಚಿಕಿತ್ಸೆ: ಉತ್ತರ ಕನ್ನಡದ ನಾಲ್ಕು ತಾಲೂಕುಗಳ ಸಂದರ್ಭದಲ್ಲಿ ಒಂದು ವಿವೇಚನೆ

ಹಳಿಯಾಳದ ಕಬ್ಬಿನ ಗದ್ದೆಯಲ್ಲಿ ಹೊರೆ ಹೊರುವ ಕೂಲಿಗಾರನೂ, ಜೋಯಿಡಾದ ಗುಡ್ಡದೋರೆಯಲ್ಲಿ ಗೆಡ್ಡೆ ಅಗೆಯುವ ಕುಣಬಿ ಹೆಣ್ಣುಮಗಳೂ, ದಾಂಡೇಲಿಯ ಕಾಗದದ ಕಾರ್ಖಾನೆಯ ಕಾರ್ಮಿಕನೂ, ಮುಂಡಗೋಡದ ಟಿಬೆಟನ್ ವಿಹಾರಗಳಲ್ಲಿ ಬಹುಹೊತ್ತು ಕುಳಿತು ಶಾಸ್ತ್ರಾಧ್ಯಯನ ಮಾಡುವ ಭಿಕ್ಷುವೂ ಸಮಾನವಾಗಿ ಗುರಿಯಾಗಬಲ್ಲ ವ್ಯಾಧಿಯೆಂದರೆ ಸೊಂಟನೋವು. ಅದು ಮೂರು ತಿಂಗಳನ್ನು ಮೀರಿ ನಿಂತಾಗ ದೀರ್ಘಕಾಲಿಕವೆನಿಸುತ್ತದೆ. 2020ರಲ್ಲಿ ಲೋಕದಾದ್ಯಂತ 61.9 ಕೋಟಿ ಜನರು ಸೊಂಟನೋವಿನಿಂದ ಬಾಧಿತರಾಗಿದ್ದರೆಂದು ಅಂದಾಜು. ಇಂತಹ ನೋವಿನಲ್ಲಿ ಬಹುಪಾಲಿಗೆ ಶಸ್ತ್ರದಿಂದ ಸರಿಪಡಿಸಬಹುದಾದ ನಿರ್ದಿಷ್ಟ ವಿಕಾರವೊಂದು ಗೋಚರಿಸುವುದೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ರೋಗಿಗೆ ತಿಳಿವಳಿಕೆ, ಕ್ರಮಬದ್ಧ ವ್ಯಾಯಾಮ, ಮರ್ದನ, ಮನೋಚಿಕಿತ್ಸೆ ಹಾಗೂ ಮಿತವಾದ ಉರಿಯೂತನಿವಾರಕ ಔಷಧಗಳನ್ನು ಉಪಾಯಗಳೆಂದು ಪರಿಗಣಿಸಿ, ಸೊಂಟಪಟ್ಟಿ, ಬೆನ್ನೆಳೆತ, ಅಫೀಮುಜನ್ಯ ನೋವುನಿವಾರಕಗಳ ವಾಡಿಕೆಯ ಬಳಕೆ ಸಲ್ಲದೆಂದು ಹೇಳಿತು. ಅದಕ್ಕೆ ಮೊದಲೇ, 2008ರಲ್ಲಿ, ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 80 ಮಂದಿ ರೋಗಿಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಿ ನಡೆಸಿದ ಒಂದು ವಾರದ ವಸತಿಸಹಿತ ಅಧ್ಯಯನವನ್ನು ಪ್ರಕಟಿಸಿದ್ದರು. ಅದರಲ್ಲಿ ಯೋಗಾಭ್ಯಾಸಿಗಳ ಅಶಕ್ತತೆಯು ಕೇವಲ ದೈಹಿಕ ವ್ಯಾಯಾಮ ಮಾಡಿದವರದಕ್ಕಿಂತ ಹೆಚ್ಚಾಗಿ ತಗ್ಗಿತು. ಆದರೆ ಒಂದು ವಾರದ ಫಲ ವರ್ಷಗಟ್ಟಲೆ ಉಳಿಯುವುದೆಂದು ಇದರಿಂದ ನಿರ್ಣಯಿಸಲಾಗದು.

ನಮ್ಮ ಪ್ರಾಚೀನ ವೈದ್ಯರೂ ಈ ಶೂಲೆಯನ್ನರಿತಿದ್ದರು. ಚರಕಸಂಹಿತೆಯು ವಾತವ್ಯಾಧಿಗಳ ಪ್ರಕರಣದಲ್ಲಿ ಸೊಂಟದಿಂದ ಕಾಲಿಗಿಳಿಯುವ ಗೃಧ್ರಸಿಯನ್ನು ವರ್ಣಿಸಿ, ವಾತರೋಗಗಳಿಗೆ ಸ್ನೇಹನ (ತೈಲ-ತುಪ್ಪಗಳ ಪ್ರಯೋಗ), ಸ್ವೇದನ (ಬೆವರಿಳಿಸುವಿಕೆ), ಬಸ್ತಿ (ಔಷಧದ ಎನಿಮಾ)ಗಳನ್ನು ವಿಧಿಸುತ್ತದೆ. 1966ರಲ್ಲಿ ಮುಂಡಗೋಡದಲ್ಲಿ ನೆಲೆಸತೊಡಗಿದ ಟಿಬೆಟನ್ನರ ಸೋವಾ ರಿಗ್ಪಾ ಎಂಬ ವೈದ್ಯಪದ್ಧತಿಯಲ್ಲಿಯೂ ತೈಲಮರ್ದನ ಮತ್ತು ಶಾಖಗಳಿಗೆ ಸ್ಥಾನವಿದೆ. 2010ರಲ್ಲಿ ಭಾರತವು ಅದಕ್ಕೆ ಶಾಸನಬದ್ಧ ಮಾನ್ಯತೆಯನ್ನಿತ್ತಿತು. ಇಂತಹ ಉಪಚಾರಗಳಿಂದ ನೋವು ಶಮಿಸಿದ ಅವಧಿಯನ್ನು ಹಾಸಿಗೆಯಲ್ಲಿ ಕಳೆಯದೆ, ನಡಿಗೆಗೂ ಬೆನ್ನು-ಹೊಟ್ಟೆಗಳ ಸ್ನಾಯುಗಳನ್ನು ಬಲಪಡಿಸುವ ಅಭ್ಯಾಸಕ್ಕೂ ವಿನಿಯೋಗಿಸಬೇಕೆಂಬುದೇ ಈ ಲೇಖನದ ಪ್ರತಿಪಾದನೆ.

ಆದರೆ ಕಾಲಿನ ಬಲಕ್ಷಯ, ಗುಹ್ಯಪ್ರದೇಶದ ಜೋಮು, ಮೂತ್ರಾವರೋಧ, ಜ್ವರ ಅಥವಾ ಅಕಾರಣ ಕೃಶತೆ ಕಂಡುಬಂದಲ್ಲಿ ಮರ್ದನ, ವ್ಯಾಯಾಮಗಳಲ್ಲಿ ಕಾಲಹರಣ ಮಾಡದೆ ತತ್‌ಕ್ಷಣ ಆಸ್ಪತ್ರೆಗೆ ಧಾವಿಸತಕ್ಕದ್ದು.

ಉಳಿದವರಿಗೆ ಬೇಕಾದದ್ದು ಬೆಲೆಬಾಳುವ ಯಂತ್ರವಲ್ಲ, ಕಲಿಸಿ ಮರಳಿ ಮರಳಿ ವಿಚಾರಿಸುವ ಶಿಕ್ಷಕ. ದಿನಗೂಲಿಯನ್ನು ಕಳೆದುಕೊಂಡು, ಕಾಡುದಾರಿ ಸವೆಸಿ, ತಜ್ಞರನ್ನರಸುತ್ತ ಹುಬ್ಬಳ್ಳಿ-ಧಾರವಾಡಗಳವರೆಗೆ ಅಲೆಯಬೇಕಾದ ಬಡವನಿಗೆ ಅಂಥ ಶಿಕ್ಷಣವು ತನ್ನೂರಿನ ಆರೋಗ್ಯ ಉಪಕೇಂದ್ರದಲ್ಲಿಯೇ, ತನ್ನಾಡುಮಾತಿನಲ್ಲಿಯೇ ದೊರೆಯುವಂತಾಗಬೇಕು. ಹೊರೆಯ ತೂಕ, ಬಾಗುವ ರೀತಿ, ವಿರಾಮದ ವೇಳೆಗಳನ್ನು ತಿದ್ದುವ ಹೊಣೆಯನ್ನು ಕೆಲಸ ಕೊಡುವವರೂ ಹೊರಬೇಕು.